ದೊಡ್ಡವ್ವನ ಹಿಡಿಮಣ್ಣು

ನನ್ನ ಮೊಮ್ಮಗಳು ಮನೆಗೆ ಬಂದಿದ್ದಾಳೆ. ನಿನ್ನೆ ಬೆಳಗ್ಗೆ ಮಂಡ್ಯದ ಆಸ್ಪತ್ರೆಯಿಂದ ಬಾಡಿಗೆ ಕಾರಿನಲ್ಲಿ, ತಾಯಿಯ ತೊಡೆಯ ಮೇಲೆ ಮಲಗಿಕೊಂಡು ಬಂದಳು. ಹುಟ್ಟಿ ಹನ್ನೆರಡು ದಿನವಾಯಿತು. ಅದರಲ್ಲಿ ಎಂಟು ದಿನ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಈಗ ತೂಕ ಹಿಡಿದಿದ್ದಾಳೆ. ಅಳುತ್ತಾಳೆ, ಹಾಲು ಕುಡಿಯುತ್ತಾಳೆ, ನನ್ನ ಕಿರುಬೆರಳು ಸಿಕ್ಕಿದರೆ ಬಿಡುವುದೇ ಇಲ್ಲ. ಮೂಗು ಮಾತ್ರ ನಮ್ಮ ಯಜಮಾನರದು, ಉಳಿದದ್ದೆಲ್ಲ ಚೆನ್ನಾಗಿದೆ.

ನನ್ನ ಮಗಳು ಸವಿತಾಗೆ ಮದುವೆಯಾಗಿ ಹತ್ತು ವರ್ಷ. ಮೂರು ಸಲ ಬಸುರಾದಳು, ಮೂರು ಸಲವೂ ಉಳಿಯಲಿಲ್ಲ. ನಾಲ್ಕನೆಯದು ಉಳಿಯಿತು. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಹಾಲಿನ ಡೈರಿಯಲ್ಲಿ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಗುರುತೇ ಇಲ್ಲದ ಒಬ್ಬ ಸೊಪ್ಪಿನವಳಿಗೂ ಹೇಳಿದೆ. ಸಾಲಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗುವಿನ ವಿಷಯ ಬರೆಯಬೇಕೆಂದು ಕೂತರೆ ದೊಡ್ಡವ್ವ ಬಂದು ಎದುರಿಗೆ ನಿಲ್ಲುತ್ತಾಳೆ. ಅವಳು ತೀರಿಕೊಂಡು ಎಂಟು ವರ್ಷವಾಗಿದೆ. ಆದರೂ ನಿಲ್ಲುತ್ತಾಳೆ. ನಿನ್ನೆಯವರೆಗೂ ಈ ಭೂಮಿಯ ಮೇಲೆ ನಾನು ಯಾರಿಗಾದರೂ ಹೆದರಿದ್ದರೆ ಅವಳೊಬ್ಬಳಿಗೆ. ಗಂಡನಿಗೆ ಹೆದರಲಿಲ್ಲ, ಅತ್ತೆಗೆ ಅಷ್ಟೇನೂ ಹೆದರಲಿಲ್ಲ, ದೇವರಿಗೆ ಹಬ್ಬದ ದಿನ ಮಾತ್ರ ಹೆದರಿದೆ. ದೊಡ್ಡವ್ವನಿಗೆ ಮೂವತ್ತಮೂರು ವರ್ಷ ಹೆದರಿದೆ.

ಊರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿತ್ತು, ಅವಳಿಗೆ ಬೇರೆ ಹೆಸರಿತ್ತು. ಬರೆಯುವುದಿಲ್ಲ. ಅವಳು ಬೀದಿಯಲ್ಲಿ ನಿಂತು ಎಷ್ಟೋ ಜನರ ತಪ್ಪನ್ನು ಆಡಿದಳು, ಒಬ್ಬರ ಹೆಸರನ್ನೂ ಬಾಯಲ್ಲಿ ತರಲಿಲ್ಲ. ಅಂಥವಳ ಹೆಸರನ್ನು ನಾನು ಹೇಳಿದರೆ ಚೆನ್ನಾಗಿರುವುದಿಲ್ಲ.

ನಮ್ಮೂರು ಮಳವಳ್ಳಿಗೂ ಮದ್ದೂರಿಗೂ ನಡುವೆ, ನಾಲೆಯ ಪಕ್ಕದಲ್ಲಿದೆ. ನಾನು ಮದುವೆಯಾಗಿ ಬಂದ ಕಾಲಕ್ಕೆ ಊರಿನಲ್ಲಿ ಏನಾದರೂ ಕಳುವಾದರೆ ಯಾರೂ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ. ಎಲೆ ಅಡಿಕೆ ಹಿಡಿದುಕೊಂಡು ದೊಡ್ಡವ್ವನ ಜಗಲಿಗೆ ಹೋಗುತ್ತಿದ್ದರು. ಅವಳು ಎಲೆ ಅಡಿಕೆ ತೆಗೆದುಕೊಂಡಳು ಎಂದರೆ ಮಾರನೆಯ ಬೆಳಗ್ಗೆ ಬೀದಿಗೆ ಇಳಿಯುತ್ತಾಳೆ ಎಂದು ಅರ್ಥ. ದನ ಬಿಡುವ ಹೊತ್ತಿಗೆ, ಜನ ಇನ್ನೂ ಗದ್ದೆಗೆ ಹೋಗಿರುವುದಿಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ, ಆಗ ಮಾರಮ್ಮನ ಗುಡಿಯಿಂದ ಹೊರಟು ಚಾವಡಿಯವರೆಗೆ ನಡೆಯುತ್ತಾಳೆ. ಒಂದೊಂದು ಬಾಗಿಲ ಮುಂದೆಯೂ ನಿಲ್ಲುತ್ತಾಳೆ. ಯಾರ ಬಾಗಿಲನ್ನೂ ಬಿಡುವುದಿಲ್ಲ, ಕಳೆದುಕೊಂಡವರ ಬಾಗಿಲನ್ನೂ ಬಿಡುವುದಿಲ್ಲ.

ಹೀಗೆ ಮೂರು ಸುತ್ತು, ಒಂದೊಂದು ದಿನ ಬಿಟ್ಟು. ಮೊದಲ ಸುತ್ತಿನಲ್ಲಿ ಬರಿಗೈ. ಕೇಳಿಕೊಳ್ಳುವ ಮಾತು ಮಾತ್ರ.

"ಯಾರ ಕಣ್ಗೂ ಬ್ಯಾಡ, ಯಾರ ಬಾಯ್ಗೂ ಬ್ಯಾಡ. ಎತ್ಕೊಂಡೋದ ಕೈಯೇ ತಂದು ಚಾವಡಿ ಜಗ್ಲಿ ಮ್ಯಾಲೆ ಮಡಗ್ಲಿ. ಯಾರೂ ಕೇಳಾಕಿಲ್ಲ."

ಎರಡನೇ ಸುತ್ತಿನಲ್ಲಿ ಗುರುತು ಹೇಳುತ್ತಾಳೆ. ಹೆಸರಲ್ಲ, ಗುರುತು. ಎಣ್ಣೆಯ ಕೈ, ಕುಂಟುವ ಕಾಲು, ಬೇಲಿಗೆ ಸಿಕ್ಕಿ ಹರಿದ ಸೆರಗು, ಹೀಗೆ. ಕೇಳಿದವರೆಲ್ಲ ತಮ್ಮ ತಮ್ಮ ಕೈಕಾಲು ನೋಡಿಕೊಳ್ಳುತ್ತಿದ್ದರು. ಅಷ್ಟಕ್ಕೂ ಸಾಮಾನು ಬರಲಿಲ್ಲ ಎಂದರೆ ಮೂರನೇ ಸುತ್ತು. ಆ ದಿನ ಮೂರು ದಾರಿ ಕೂಡುವ ಕಡೆಯಿಂದ ಮಣ್ಣು ತಂದು ಮಡಿಲಿಗೆ ಹಾಕಿಕೊಂಡು ಬರುತ್ತಾಳೆ. ಅನುಮಾನದ ಬಾಗಿಲ ಮುಂದೆ ನಿಂತು, ಒಂದು ಹಿಡಿ ಮಣ್ಣು ತೆಗೆದು, ಮುಷ್ಟಿಯನ್ನು ಮೂರು ಸಲ ಸುತ್ತಿಸಿ, ಮೂರು ಸಲ ಥೂ ಎಂದು ಉಗಿದು, ಶಾಪದ ಮಾತು ಹೇಳಿ ಬಾಗಿಲಿಗೆ ತೂರುತ್ತಾಳೆ. ಮಣ್ಣು ಬಿದ್ದ ಮನೆಗೆ ಆಮೇಲೆ ಯಾರೂ ಬೆಂಕಿಕಡ್ಡಿ ಕೊಡುತ್ತಿರಲಿಲ್ಲ. ಹೆಣ್ಣು ಕೊಡುತ್ತಿರಲಿಲ್ಲ. ಆ ಮನೆಯವಳು ನೀರಿಗೆ ಬಂದರೆ ಬಾವಿಯ ಕಟ್ಟೆ ಖಾಲಿಯಾಗುತ್ತಿತ್ತು.

ಮೂರನೇ ಸುತ್ತು ಬರುತ್ತಿದ್ದುದೇ ಅಪರೂಪ. ಬಹಳ ಸಲ ಮೊದಲ ಸುತ್ತಿಗೇ ಸಾಮಾನು ಬಂದುಬಿಡುತ್ತಿತ್ತು. ಒಂದು ಸಲ ಯಾರದೋ ನೇಗಿಲಿನ ಗುಳ ಕಳೆದಿತ್ತು. ದೊಡ್ಡವ್ವ ಒಂದು ಸುತ್ತು ನಡೆದಳು. ಮಾರನೆಯ ಬೆಳಗ್ಗೆ ಚಾವಡಿ ಜಗಲಿಯ ಮೇಲೆ ಗುಳ ಇತ್ತು, ಅದರ ಪಕ್ಕ ಒಂದು ಹಿತ್ತಾಳೆ ಸೌಟು ಇತ್ತು, ಎರಡು ತೆಂಗಿನಕಾಯಿ ಇತ್ತು, ಮತ್ತೆ ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಒಂದು ಗಂಡಸರ ಚಡ್ಡಿ ಇತ್ತು. ಊರೆಲ್ಲ ನಿಂತು ನಕ್ಕಿತು. ದೊಡ್ಡವ್ವ ಮಾತ್ರ ನಗಲಿಲ್ಲ. ಊರು ವಸಿ ಹಗುರಾಯ್ತು ಅಂದಳಂತೆ.

ಸಾಮಾನು ಬಂದ ಮೇಲೆ ಯಾರಾದರೂ "ಯಾರು ದೊಡ್ಡವ್ವ ತಗೊಂಡಿದ್ದು" ಎಂದು ಕೇಳಿದರೆ ಅವರಿಗೆ ಬೈಗುಳ ಬೀಳುತ್ತಿತ್ತು. ಕದ್ದ ಕೈಗಿಂತ ತೋರಿಸುವ ಬೆರಳು ಕೊಳಕು ಅನ್ನುತ್ತಿದ್ದಳು. ಹೋದ ವರ್ಷ ಸಂತೆಯಲ್ಲಿ ಯಾವಳೋ ಒಬ್ಬಳು ಸೀರೆ ಕದ್ದು ಸಿಕ್ಕಿಬಿದ್ದಳೆಂದು ಅವಳನ್ನು ನಿಲ್ಲಿಸಿಕೊಂಡು ಮುಖ ತೋರಿಸಿ, ಊರು ಹೇಳಿಸಿ, ಗಂಡನ ಹೆಸರು ಹೇಳಿಸಿ ಮೊಬೈಲಿನಲ್ಲಿ ಹಿಡಿದಿದ್ದರು. ನನ್ನ ಸೊಸೆ ಅದನ್ನು ನನಗೆ ತೋರಿಸಿದಳು. ಆ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡರೆ ಯಾವನೋ ಸೆರಗನ್ನು ಎಳೆಯುತ್ತಿದ್ದ. ನಾನು ಎದ್ದು ಹಿತ್ತಲಿಗೆ ಹೋದೆ. ಸೊಸೆಗೆ ಯಾಕೆಂದು ಗೊತ್ತಾಗಲಿಲ್ಲ.

ದೊಡ್ಡವ್ವ ಉದ್ದದ ಹೆಂಗಸು. ಸೊಂಟ ಬಗ್ಗಿರಲಿಲ್ಲ. ಬಲಗೈಯಲ್ಲಿ ಮೊಣಕೈವರೆಗೆ ಹಚ್ಚೆ. ಬೀದಿಯಲ್ಲಿ ಅವಳ ಗಂಟಲು ನಾಲೆಯ ಆಚೆ ಗದ್ದೆಗೆ ಕೇಳುತ್ತಿತ್ತು, ಮನೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ. ಸುತ್ತು ಹೊರಡುವ ದಿನ ಸಾಮಾನು ಬರುವವರೆಗೂ ಅನ್ನ ಮುಟ್ಟುತ್ತಿರಲಿಲ್ಲ, ಬರಿ ಮಜ್ಜಿಗೆ. ಹಲ್ಲಿಗೆ ಹೆದರುತ್ತಿದ್ದಳು. ಊರನ್ನೇ ಹೆದರಿಸಿದವಳು ಗೋಡೆಯ ಮೇಲೆ ಹಲ್ಲಿ ಕಂಡರೆ ಸೊಸೆ ಜಯಮ್ಮನನ್ನು ಕೂಗುತ್ತಿದ್ದಳು. ಜಯಮ್ಮ ನನ್ನ ವಾರಗೆಯವಳು. ನಮ್ಮಿಬ್ಬರ ಮದುವೆ ಒಂದೇ ವರ್ಷ ಆದದ್ದು.

ನಾನು ಈ ಊರಿಗೆ ಬಂದ ಎರಡನೇ ವರ್ಷ ದೊಡ್ಡವ್ವ ಒಂದು ದೊಡ್ಡ ತಪ್ಪು ಮಾಡಿದಳು. ಬಾವಿಯ ಪಕ್ಕದ ಮನೆಯವರ ಹಿತ್ತಾಳೆ ಬಿಂದಿಗೆ ಕಾಣೆಯಾಗಿತ್ತು. ಗುರುತುಗಳೆಲ್ಲ ಒಂದು ಮನೆಯ ಎಳೆಯ ಸೊಸೆಯ ಕಡೆಗೆ ಹೋದವು. ಮದ್ದೂರು ಕಡೆಯ ಹುಡುಗಿ. ಅವಳು ನಾನಲ್ಲ ನಾನಲ್ಲ ಎಂದಳು. ಮೂರನೇ ಸುತ್ತಿನಲ್ಲಿ ಅವಳ ಬಾಗಿಲಿಗೆ ಮಣ್ಣು ಬಿತ್ತು. ವಾರದೊಳಗೆ ಗಂಡನ ಮನೆಯವರು ಅವಳನ್ನು ತವರಿಗೆ ಬಿಟ್ಟು ಬಂದರು. ಬೇಸಗೆಯಲ್ಲಿ ಬಾವಿಯ ಹೂಳು ತೆಗೆಸಿದಾಗ ಆ ಬಿಂದಿಗೆ ಕೆಸರಿನೊಳಗಿಂದ ಎದ್ದು ಬಂತು. ಹಗ್ಗ ಜಾರಿ ಬಿದ್ದದ್ದು. ಕುತ್ತಿಗೆಗೆ ತುಂಡು ಹಗ್ಗ ಕಟ್ಟಿಕೊಂಡೇ ಇತ್ತು.

ದೊಡ್ಡವ್ವ ಬಂದು ಅದನ್ನು ನೋಡಿದಳು. ಮಾರನೆಯ ದಿನ ಜಯಮ್ಮನನ್ನು ಕರೆದುಕೊಂಡು ಮದ್ದೂರು ಬಸ್ಸು ಹತ್ತಿದಳು. ಅಲ್ಲಿ ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಆ ಹುಡುಗಿಯಂತೂ ವಾಪಸ್ಸು ಬರಲಿಲ್ಲ. ಇನ್ನು ಮುದುಕಿ ಬೀದಿಗೆ ಇಳಿಯುವುದಿಲ್ಲ ಎಂದು ಎಲ್ಲರೂ ಅಂದುಕೊಂಡೆವು. ಇಳಿದಳು. ಮೊದಲಿನ ಹಾಗೇ ಮೂರು ಸುತ್ತು, ಮೊದಲಿನ ಹಾಗೇ ಮುಷ್ಟಿ. ಇವಳಿಗೆ ಎದೆಯೇ ಇಲ್ಲ ಎಂದು ಜನ ಮೊದಲಿಗಿಂತ ಹೆಚ್ಚು ಹೆದರಿದರು.

ಮೂರನೇ ವರ್ಷ ಕದ್ದವಳು ನಾನು.

ಇಷ್ಟು ದಿನ ಬದುಕಿರುವ ಯಾರಿಗೂ ಹೇಳಿಲ್ಲ. ಆಗ ನನಗೆ ಐದು ತಿಂಗಳು. ತವರಿನವರು ಬಂದು ಎರಡು ಕೈಗೂ ಹಸಿರು ಬಳೆ ತೊಡಿಸಿ ಹೋಗಿದ್ದರು. ಮೊಟ್ಟೆ ತಿನ್ನಬೇಕೆಂದು ಬಾಯಿ ಹಾತೊರೆಯುತ್ತಿತ್ತು. ನಮ್ಮತ್ತೆಯ ಹತ್ತಿರ ಬಯಕೆ ಗಿಯಕೆ ಎನ್ನುವ ಮಾತು ನಡೆಯುತ್ತಿರಲಿಲ್ಲ. ಅವರು ಹೊಲ ಕುಯ್ಯುತ್ತಲೇ ಹೆತ್ತವರಂತೆ. ಹಿಂದಿನ ಕೇರಿಯಲ್ಲಿ ಕೆಂಪಮ್ಮ ಎಂಬವಳು ಕೋಳಿ ಸಾಕಿಕೊಂಡು ಬದುಕುತ್ತಿದ್ದಳು. ಮಧ್ಯಾಹ್ನ ಅವಳು ಮೇವಿಗೆ ಹೋದ ಹೊತ್ತಿನಲ್ಲಿ ಅವಳ ಹಿತ್ತಲಿಗೆ ಹೋದೆ. ಕುಕ್ಕೆಯಲ್ಲಿ ಒಂದು ಕೋಳಿ ಕೂತಿತ್ತು. ಕೆಳಗೆ ಕೈ ಹಾಕಿ ಮೂರು ಮೊಟ್ಟೆ ತೆಗೆದೆ. ಕೋಳಿ ಕುಕ್ಕಿತು, ಕೈ ಕೊಡವಿದೆ, ಒಂದು ಬಳೆ ಕುಕ್ಕೆಯ ಅಂಚಿಗೆ ತಗಲಿ ಒಡೆಯಿತು. ಮೊಟ್ಟೆ ಬಿಸಿಯಾಗಿದ್ದವು. ಆಗಲೇ ತಿಳಿಯಬೇಕಿತ್ತು. ನಮ್ಮ ತವರಿನಲ್ಲಿ ಕೋಳಿ ಸಾಕುತ್ತಿರಲಿಲ್ಲ. ಮೊಟ್ಟೆ ಇಡಲು ಕೂತ ಕೋಳಿಗೂ ಕಾವಿಗೆ ಕೂತ ಕೋಳಿಗೂ ನನಗೆ ವ್ಯತ್ಯಾಸ ಗೊತ್ತಿರಲಿಲ್ಲ.

ಹುಲ್ಲಿನ ಮೆದೆಯ ಹಿಂದೆ ಕೂತು ಒಂದು ಮೊಟ್ಟೆ ಒಡೆದೆ. ಒಳಗೆ ಮರಿ ಇತ್ತು. ಅರ್ಧ ಆಗಿದ್ದ ಮರಿ. ಕಣ್ಣು ಕಪ್ಪಗೆ ಕಾಣುತ್ತಿತ್ತು. ನನ್ನ ಹೊಟ್ಟೆಯಲ್ಲಿ ಆಗಲೇ ಸವಿತಾ ಒದ್ದಳು. ಮೊದಲ ಸಲ ಒದ್ದದ್ದು.

ಉಳಿದ ಎರಡನ್ನು ಓಡಿಹೋಗಿ ಇಟ್ಟುಬಿಡೋಣವೆಂದರೆ ಕೆಂಪಮ್ಮ ಬಂದುಬಿಟ್ಟಿದ್ದಳು. ಸಂಜೆಗೆ ಅವು ತಣ್ಣಗಾದವು. ಮೂರನ್ನೂ ತಿಪ್ಪೆಯಲ್ಲಿ ಮುಚ್ಚಿದೆ.

ಮಾರನೆಯ ದಿನವೇ ಕೆಂಪಮ್ಮ ಎಲೆ ಅಡಿಕೆ ಹಿಡಿದು ಹೋದಳು. ದೊಡ್ಡವ್ವ ಮೊದಲ ಸುತ್ತು ಬಂದಳು. ತಂದು ಮಡಗಿ, ಯಾರೂ ಕೇಳುವುದಿಲ್ಲ ಎಂದಳು. ನಾನು ಏನನ್ನು ತಂದು ಇಡಲಿ? ಗುಳ ಕದ್ದವನು ಗುಳ ಇಡುತ್ತಾನೆ. ಸೌಟು ಕದ್ದವಳು ಸೌಟು ಇಡುತ್ತಾಳೆ. ಸತ್ತ ಮರಿಯನ್ನು ಜಗಲಿಯ ಮೇಲೆ ಇಡಲಾಗುತ್ತದೆಯೇ? ಊರಿಗೆಲ್ಲ ಇದ್ದ ದಾರಿ ನನಗೆ ಇರಲಿಲ್ಲ.

ಎರಡನೇ ಸುತ್ತಿನಲ್ಲಿ ನಮ್ಮ ಬಾಗಿಲ ಮುಂದೆ ನಿಂತು ಅವಳು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ.

"ಕಾವ್ಗೆ ಕುಂತ ತಾಯಿ ಎದೆ ಕೆಳ್ಗೆ ಕೈ ಆಕವ್ಳೆ. ಆ ಕೈಲಿ ಬಳೆ ಇತ್ತು. ಬಳೆ ಚೂರು ನನ್ ತಾವ್ ಅದೆ. ನಾಳೆ ಕಳ್ದು ನಾಳಿದ್ದು ಬತ್ತೀನಿ. ಒಡ್ಲು ಬರಿದು ಮಾಡ್ದೋಳ ಮನೆ ತೊಟ್ಲು ತೂಗ್ದಿರ್ಲಿ ಅನ್ನಂಗೆ ಮಾಡ್ಬ್ಯಾಡಿ ನನ್ನ."

ಬಳೆಯ ಬಣ್ಣ ಹೇಳಲಿಲ್ಲ. ಊರಿನಲ್ಲಿ ಆಗ ಹೊಸ ಹಸಿರು ಬಳೆ ತೊಟ್ಟಿದ್ದ ಬಸುರಿ ನಾನೊಬ್ಬಳೇ. ಬಣ್ಣವನ್ನು ಮೂರನೇ ಸುತ್ತಿಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ಬಳೆಯನ್ನು ತೆಗೆಯುವಂತಿಲ್ಲ, ತೆಗೆದರೆ ಅತ್ತೆ ಕೇಳುತ್ತಾರೆ. ಇಟ್ಟುಕೊಳ್ಳುವಂತಿಲ್ಲ, ಸದ್ದು ಮಾಡುತ್ತವೆ. ಎರಡು ದಿನ ಕೈಗೆ ಸೆರಗು ಸುತ್ತಿಕೊಂಡೇ ಓಡಾಡಿದೆ. ಅತ್ತೆ ಬೇರೆ, ಮುದ್ದೆ ತಿರುವುತ್ತಾ, ಅವಳು ಯಾವ ಮನೆಹಾಳಿಯೋ, ಅವಳ ಕೈ ಸೇದಿಹೋಗ ಎಂದು ಬೈಯುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಮೂರನೇ ಸುತ್ತಿನ ಬೆಳಗ್ಗೆ ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ನೋಡಿದೆ. ದೊಡ್ಡವ್ವ ಬಂದು ನಿಂತಳು. ಮಡಿಲಿನಿಂದ ಒಂದು ಹಿಡಿ ತೆಗೆದಳು. ಅವಳ ಕಣ್ಣು ಸಂದಿಯ ಕಡೆಗೇ ಇತ್ತು. ಮುಷ್ಟಿ ಮೇಲೆದ್ದಿತು, ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು. ನಾನು ಕಣ್ಣು ಮುಚ್ಚಿಕೊಂಡು ಎರಡು ಕಿವಿಗೂ ಕೈ ಒತ್ತಿಕೊಂಡು ಕೆಳಗೆ ಕೂತುಬಿಟ್ಟೆ. ಆದರೂ ಥೂ ಎಂದದ್ದು ಕೇಳಿಸಿತು. ಮೂರು ಸಲ.

ಎದ್ದು ಬಾಗಿಲು ತೆಗೆದಾಗ ಅವಳು ಹೋಗಿಯಾಗಿತ್ತು. ಹೊಸ್ತಿಲ ಮೇಲೆ ಮಣ್ಣಿತ್ತು. ನಮ್ಮದು ಮಣ್ಣಿನ ಬೀದಿ. ಹೊಸ್ತಿಲ ಮೇಲೆ ಯಾವತ್ತು ಇರಲಿಲ್ಲ ಮಣ್ಣು? ಆದರೆ ಆವತ್ತು ನೋಡಿದ ಮಣ್ಣು ಬೇರೆಯಾಗಿ ಕಂಡಿತು. ವಿಚಿತ್ರವೆಂದರೆ ಊರಿನಲ್ಲಿ ಯಾರೂ ನಮ್ಮ ಮನೆಯನ್ನು ಬಿಡಲಿಲ್ಲ. ಈ ಸಲ ದೊಡ್ಡವ್ವ ಯಾರ ಬಾಗಿಲೆಂದು ಗೊತ್ತಾಗುವ ಹಾಗೆ ಮಾಡಲಿಲ್ಲ, ಎಲ್ಲರ ಮನೆ ಮುಂದೆಯೂ ಮುಷ್ಟಿ ಎತ್ತಿಬಿಟ್ಟಳು ಎಂದು ಕೆಂಪಮ್ಮ ಗೊಣಗುತ್ತಿದ್ದಳು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಊರಿಗೆ ಗೊತ್ತಾಗದಿದ್ದರೇನು, ಶಾಪಕ್ಕೆ ವಿಳಾಸ ಗೊತ್ತು.

ಸವಿತಾ ಹುಟ್ಟಿದಳು. ಚೆನ್ನಾಗಿಯೇ ಹುಟ್ಟಿದಳು. ಬೆರಳು ಎಣಿಸಿದೆ, ಕಣ್ಣು ನೋಡಿದೆ. ಮೂರನೇ ದಿನ ದೊಡ್ಡವ್ವ ಕಂಕುಳಲ್ಲಿ ಒಂದು ಎಳೆಯ ಹೇಟೆ ಕೋಳಿ ಇಟ್ಟುಕೊಂಡು ಬಾಣಂತಿ ನೋಡಲು ಬಂದಳು. ಕೋಳಿಯ ಕಾಲಿನ ಕಟ್ಟು ಬಿಚ್ಚಿ ನನ್ನ ಮಂಚದ ಕಾಲಿಗೆ ಕಟ್ಟಿದಳು.

"ಮೊಟ್ಟೆ ತಿನ್ನು ಮಗ. ಇದು ನಿಂದೇ. ಯಾರ್ನೂ ಕೇಳೋ ಹಂಗಿಲ್ಲ."

ಚುಚ್ಚಲು ಬಂದಿದ್ದಾಳೆ ಎಂದುಕೊಂಡೆ. ಮಗುವನ್ನು ಸೆರಗಿನೊಳಗೆ ಸೇರಿಸಿಕೊಂಡೆ, ಅವಳಿಗೆ ಮುಖ ಸರಿಯಾಗಿ ತೋರಿಸಲೂ ಇಲ್ಲ. ಅವಳು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ಬಾಣಂತನ ಮುಗಿದ ಮೇಲೆ ಆ ಹೇಟೆಯನ್ನು ಒಂದು ಮಧ್ಯಾಹ್ನ ಕೆಂಪಮ್ಮನ ಹಿತ್ತಲಿಗೆ ಬಿಟ್ಟು ಬಂದೆ. ಯಾರದೋ ಕೋಳಿ ತಾನಾಗಿ ಬಂದು ಸೇರಿಕೊಂಡಿತು, ಎರಡು ಕಾವು ಮರಿ ಮಾಡಿತು ಎಂದು ಕೆಂಪಮ್ಮ ವರ್ಷಗಟ್ಟಲೆ ಹೇಳಿಕೊಂಡಳು. ದೊಡ್ಡವ್ವ ಅದನ್ನು ಕೇಳಿ ಎಲೆ ಅಡಿಕೆ ಜಗಿಯುತ್ತಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅಂದಿನಿಂದ ಮೊಟ್ಟೆ ತಿನ್ನಲಿಲ್ಲ. ಮೈಗೆ ಒಗ್ಗುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ.

ವರ್ಷ ಕಳೆದ ಹಾಗೆ ಹೆದರಿಕೆ ಸ್ವಲ್ಪ ಮಲಗಿತ್ತು. ಸವಿತಾಗೆ ಮದುವೆಯಾಗಿ ಮೊದಲನೆಯದು ಹೋದಾಗ ಎದ್ದು ಕೂತಿತು. ಮನೆಯ ತೊಟ್ಟಿಲು ತೂಗದಿರಲಿ ಎಂದಿದ್ದಳಲ್ಲವೇ? ನನ್ನನ್ನು ಬಿಟ್ಟು ನನ್ನ ಮಗಳನ್ನು ಹಿಡಿಯಿತು ಎಂದುಕೊಂಡೆ. ಡಾಕ್ಟರು ಏನೇನೋ ಹೆಸರು ಹೇಳಿದರು. ಸವಿತಾ ನನ್ನನ್ನು ಹಿಡಿದುಕೊಂಡು ಅತ್ತಳು, ಅವ್ವ ನಾನೇನು ಮಾಡಿದ್ದೆ ಎಂದಳು. ನೀನಲ್ಲ ಕಣವ್ವ, ನಾನು ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ಮಗಳೂ ಕೈ ಬಿಟ್ಟರೆ?

ಎರಡನೆಯದೂ ಹೋದ ಮೇಲೆ ತಡೆಯಲಾರದೆ ದೊಡ್ಡವ್ವನ ಮನೆಗೆ ಹೋದೆ. ಶಾಪ ಹಿಂದಕ್ಕೆ ತಗೋ ಎಂದು ಕಾಲು ಹಿಡಿಯಲು ಹೋದದ್ದು. ಅವಳಿಗೆ ಆಗ ಲಕ್ವ ಹೊಡೆದು ಮಾತು ನಿಂತಿತ್ತು. ಜಯಮ್ಮ ಹಸುವಿನ ಹತ್ತಿರ ಹೋಗಿದ್ದಳು. ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಮೊಟ್ಟೆ ಹೇಳಿದೆ, ಮರಿ ಹೇಳಿದೆ, ಮಗಳ ಹೊಟ್ಟೆಯ ಸಂಗತಿ ಹೇಳಿದೆ. ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಆಮೇಲೆ ಸರಿಯಿದ್ದ ಕೈಯನ್ನು ನಿಧಾನಕ್ಕೆ ಎತ್ತಿದಳು. ಬೆರಳು ಮಡಿಸಿ ಮುಷ್ಟಿ ಕಟ್ಟಿದಳು. ನನ್ನ ಮುಖದ ಮುಂದೆ ಆ ಮುಷ್ಟಿಯನ್ನು ಸುತ್ತಿಸಿದಳು. ಒಂದು ಸುತ್ತು. ಎರಡು ಸುತ್ತು.

ನಾನು ಎದ್ದು ಓಡಿಬಂದೆ. ಹದಿನೈದು ದಿನಕ್ಕೆ ಅವಳು ಹೋದಳು. ಮಣ್ಣಿಗೆ ನಾನೂ ಹೋಗಿದ್ದೆ. ಎಲ್ಲರೂ ಹಿಡಿ ಮಣ್ಣು ಹಾಕಿದರು. ನನಗೆ ಕೈ ಬರಲಿಲ್ಲ.

ಆಮೇಲೆ ಮೂರನೆಯದು. ಆಮೇಲೆ ಈ ಕೂಸು. ಏಳನೇ ತಿಂಗಳಿನಿಂದ ನಾನು ನಿದ್ದೆ ಮಾಡಿಲ್ಲ. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ನೋಡಿದಾಗ ಮೊಟ್ಟೆಯೊಳಗಿನ ಆ ಕಪ್ಪು ಕಣ್ಣೇ ನೆನಪಿಗೆ ಬರುತ್ತಿತ್ತು. ಇದನ್ನೆಲ್ಲ ಯಾರ ಹತ್ತಿರ ಹೇಳಲಿ.

ನಿನ್ನೆ ಕಾರು ಬಂದು ನಿಂತ ಕೂಡಲೇ ಬೀದಿಯವರೆಲ್ಲ ಸೇರಿದರು. ಸವಿತಾ ಮಗುವನ್ನು ಎತ್ತಿಕೊಂಡು ಹೊಸ್ತಿಲ ಮುಂದೆ ನಿಂತಳು. ನಾನು ಆರತಿ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದೇನೆ, ಜನರ ನಡುವೆ ದಾರಿ ಮಾಡಿಕೊಂಡು ಜಯಮ್ಮ ಬಂದಳು. ತಲೆಯೆಲ್ಲ ನೆರೆತಿದೆ. ನಡಿಗೆಯೂ ಅತ್ತೆಯದೇ ಆಗಿದೆ. ಬಲಗೈ ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಿಂದ ಮಣ್ಣು ಸುರಿಯುತ್ತಿತ್ತು. ನೆಟ್ಟಗೆ ಮಗುವಿನ ಕಡೆಗೆ ನಡೆದಳು.

ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಹೋಗಿ ಅವಳ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡುಬಿಟ್ಟೆ.

"ಬ್ಯಾಡ ಜಯಮ್ಮ. ನಿನ್ ಕಾಲ್ಗೆ ಬೀಳ್ತೀನಿ. ಮಣ್ಣು ಬ್ಯಾಡ."

ನಮ್ಮ ಅಳಿಯ ಗಾಬರಿಯಾಗಿ ನನ್ನ ಕಡೆ ನೋಡಿದ. ಜಯಮ್ಮನ ಮುಖ ಚಿಕ್ಕದಾಯಿತು.

"ಯಾಕಕ್ಕ? ದಿಷ್ಟಿ ತೆಗಿಯಾಕೆ ಬಂದಿದ್ದು ನಾನು. ಮೂರು ದಾರಿ ಮಣ್ಣು, ಉಪ್ಪು, ಸಾಸ್ವೆ, ಅಷ್ಟೇಯ. ಬ್ಯಾಡ ಅಂದ್ರೆ ಓಯ್ತೀನಿ."

ನಾನು ಅವಳ ಕೈಯನ್ನು ಬಿಡಲಿಲ್ಲ. ಜಯಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನನ್ನು ಬಾಗಿಲ ಮೂಲೆಗೆ ಕರೆದುಕೊಂಡು ಹೋದಳು, ಅದೇ ಬಾಗಿಲು, ಮೂವತ್ತಮೂರು ವರ್ಷದ ಹಿಂದೆ ನಾನು ಕೂತಿದ್ದ ಮೂಲೆ. ಕಿವಿಯ ಹತ್ತಿರ ಹೇಳಿದಳು.

"ನಮ್ಮತ್ತೆ ನಿನ್ ಬಾಗ್ಲಲ್ ಮಾಡಿದ್ದೂ ಇದೇಯ ಕಣಕ್ಕ. ಆವತ್ತು ಮಡ್ಲಿಗೆ ಉಪ್ಪೂ ಸಾಸ್ವೆನೂ ಆಕ್ಕೊಟ್ಟೋಳು ನಾನೇಯ. ಬಸ್ರಿ ಎಂಗ್ಸು ಎದ್ರಕೊಂಡವ್ಳೆ, ಕೂಸ್ಗೆ ದಿಷ್ಟಿ ತಾಕ್ತದೆ ಅಂದ್ಲು. ಸುತ್ಸಿ, ಮಣ್ಣ ಮುಷ್ಟೀಲೇ ಇಡ್ಕೊಂಡ್ ಬಂದು ನಮ್ಮೊಲೆಗೆ ಆಕುದ್ಲು. ಚಟಚಟ ಅಂತು. ಬೋ ದಿಷ್ಟಿ ಆಗದೆ ಅಂದ್ಲು."

ನಾನು ಅಲ್ಲೇ ಕೂತುಬಿಟ್ಟೆ. ಜಯಮ್ಮನೂ ಪಕ್ಕದಲ್ಲಿ ಕೂತಳು. ಮಿಕ್ಕದ್ದನ್ನು ಬಿಡಿಸಿ ಬಿಡಿಸಿ ಹೇಳಿದಳು. ಮದ್ದೂರು ಕಡೆ ಆ ಹುಡುಗಿಯ ತವರಿನ ಬೀದಿಯಲ್ಲಿ ದೊಡ್ಡವ್ವ ನಿಂತು, ಒಂದು ಹಿಡಿ ಮಣ್ಣು ತೆಗೆದು, ಸುತ್ತಿಸಿ, ಉಗಿದು, ಅದೇ ಶಾಪದ ಮಾತನ್ನು ತನ್ನ ಮೇಲೆ ಹೇಳಿಕೊಂಡು, ತನ್ನ ತಲೆಗೇ ಸುರಿದುಕೊಂಡಳಂತೆ. ಹುಡುಗಿ ಬಾಗಿಲು ತೆಗೆಯಲಿಲ್ಲವಂತೆ. ಅಂದಿನಿಂದ ದೊಡ್ಡವ್ವ ಸಾಯುವವರೆಗೂ ಯಾರ ಬಾಗಿಲಿಗೂ ಮಣ್ಣು ತೂರಲಿಲ್ಲ. ಮುಷ್ಟಿ ಎತ್ತುತ್ತಿದ್ದಳು. ಜನ ಕಣ್ಣು ಮುಚ್ಚುತ್ತಿದ್ದರು. ಅವಳು ಮಣ್ಣನ್ನು ಬೆನ್ನ ಹಿಂದಕ್ಕೆ ಬಿಟ್ಟುಬಿಡುತ್ತಿದ್ದಳು.

ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ಯೋಳುದ್ರೆ ಊರು ಎದ್ರತದಾ? ಯಾರ್ಗೂ ಯೋಳ್ಬ್ಯಾಡ ಅಂತ ನನ್ ಕೈಲಿ ಆಣೆ ಮಾಡ್ಸಿದ್ಲು. ನಿನ್ಗೆ ಗೊತ್ತಾಗದೆ ಅಂದ್ಕೊಂಡಿದ್ದೆ ಕಣಕ್ಕ. ಕೋಳಿ ಕೊಟ್ಳಲ್ಲ."

ಮೊಟ್ಟೆ ಕದ್ದದ್ದು ನೀನೇ ಎಂದು ಜಯಮ್ಮ ಹೇಳಲಿಲ್ಲ. ಅವಳ ಅತ್ತೆ ಕಲಿಸಿದ ಹೆಂಗಸು.

ಹಾಗಾದರೆ ಮಾತು ನಿಂತ ದಿನ ದೊಡ್ಡವ್ವ ಎತ್ತಿದ ಮುಷ್ಟಿ? ಅವಳು ನನ್ನ ಮಗಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಎರಡು ಸುತ್ತಿಗೆ ನಾನು ಓಡಿಹೋದೆ. ಮೂರನೆಯದನ್ನು ಅವಳು ಯಾರ ಮುಂದೆ ಸುತ್ತಿಸಿದಳೋ. ಆ ಕೈ ಎಷ್ಟು ಹೊತ್ತು ಹಾಗೇ ಎತ್ತಿಕೊಂಡಿತ್ತೋ. ಇದನ್ನು ಮಾತ್ರ ಯಾರೂ ನನಗೆ ಹೇಳಲಾರರು.

ಎದ್ದು, ಜಯಮ್ಮನ ಕೈ ಹಿಡಿದು ಮಗುವಿನ ಹತ್ತಿರ ಕರೆದುಕೊಂಡು ಬಂದೆ. ಅವಳು ಮುಷ್ಟಿ ಎತ್ತಿದಳು. ಇಷ್ಟು ವರ್ಷದ ಹೆದರಿಕೆ ಒಂದು ಮಾತಿಗೆ ಹೋಗುತ್ತದೆಯೇ? ಆದರೂ ಈ ಸಲ ಕಣ್ಣು ಮುಚ್ಚಲಿಲ್ಲ. ಮೂರು ಸುತ್ತೂ ನೋಡಿದೆ. ಮೂರು ಸಲ ಥೂ ಎಂದಳು. ಮಗು ಆಕಳಿಸಿತು. ಮಣ್ಣನ್ನು ಒಲೆಗೆ ಹಾಕಿದಾಗ ಸಾಸಿವೆ ಚಟಚಟ ಸಿಡಿದದ್ದು ಬೀದಿಗೆ ಕೇಳಿಸಿತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಡುಮನೆಯಲ್ಲಿ ಎದುರುಬದುರಾಗಿ ಎರಡು ಸಾಲು ಎಲೆ ಹಾಕಿತ್ತು. ನಮ್ಮ ಯಜಮಾನರು, ಮಗ, ಅಳಿಯ, ಬೀಗರು, ಅವರ ಪಕ್ಕ ಬೇಡ ಬೇಡ ಎಂದರೂ ಕೂರಿಸಿದ ಜಯಮ್ಮ. ಸೊಸೆ ಬಡಿಸುತ್ತಿದ್ದಳು. ಸವಿತಾ ಕೋಣೆಯ ಬಾಗಿಲಿಗೆ ಮಂಚ ಎಳೆಸಿಕೊಂಡು, ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ಮೆಣಸಿನ ಸಾರು ಅನ್ನ ಉಣ್ಣುತ್ತಿದ್ದಳು. ಉಳಿದವರಿಗೆಲ್ಲ ಮುದ್ದೆ, ನಾಟಿ ಕೋಳಿ ಸಾರು, ಬೇಯಿಸಿದ ಮೊಟ್ಟೆ. ಸೊಸೆ ಅಭ್ಯಾಸದಂತೆ ನನ್ನ ಎಲೆಯನ್ನು ಬಿಟ್ಟು ಮುಂದಕ್ಕೆ ಹೋದಳು. ನಾನು ಕರೆದು ಒಂದು ಹಾಕು ಎಂದೆ.

"ಅವ್ವ, ನಿಂಗೆ ಮೊಟ್ಟೆ ಒಗ್ಗಾಕಿಲ್ಲ ಅಲ್ವಾ?" ಎಂದು ಸವಿತಾ ಮಂಚದಿಂದ ಕೇಳಿದಳು.

"ಒಗ್ತದೆ ಬುಡವ್ವ. ಯಾಕೆ ಅಂತ ನಿಂಗೆ ಯೋಳ್ತೀನಿ. ಮೊದ್ಲು ಉಣ್ಣು."

ಮೊಟ್ಟೆಯನ್ನು ಕೈಗೆ ತೆಗೆದುಕೊಂಡೆ. ಬಿಸಿಯಾಗಿತ್ತು. ಮುರಿದೆ. ಒಳಗೆ ಹಳದಿ ಇತ್ತು, ಬರಿ ಹಳದಿ. ಎದುರು ಸಾಲಿನಲ್ಲಿ ಜಯಮ್ಮ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ನಮ್ಮ ಯಜಮಾನರು ಏನೂ ಕೇಳದೆ ಉಪ್ಪಿನ ಬಟ್ಟಲನ್ನು ನನ್ನ ಎಲೆಯ ಕಡೆಗೆ ತಳ್ಳಿದರು.